ಮಾರಿಯೋ 4 ನಿಮಿಷ 57 ಸೆಕೆಂಡಿನಲ್ಲಿ: ಆಡಿದವರು ಯಾರು?

ಪ್ರಶ್ನೆ: ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ಐದು ನಿಮಿಷದೊಳಗೆ ಮುಗಿಸುವ ಒಂದು ವಿಡಿಯೋ ನೋಡಿದೆ. ಅದು ‘ಟೂಲ್-ಅಸಿಸ್ಟೆಡ್ ಸ್ಪೀಡ್‌ರನ್’ ಎಂದು ಬರೆದಿತ್ತು. ಕಂಪ್ಯೂಟರ್ ಆಡಿದ್ದನ್ನು ದಾಖಲೆ ಎಂದು ಕರೆಯುವುದು ಮೋಸ ಎನ್ನುತ್ತಾನೆ ನನ್ನ ತಮ್ಮ. ನನ್ನ ಅನುಮಾನ ಬೇರೆ. ಒಂದು ಕ್ಷಣವೂ ವ್ಯರ್ಥವಾಗಿಲ್ಲ ಎನ್ನಲಾಗುವ ಆ ಓಟದಲ್ಲಿ ಮಾರಿಯೋ ಅಲ್ಲಲ್ಲಿ ಸುಮ್ಮನೆ ಕುಣಿದಂತೆ, ತಡ ಮಾಡಿದಂತೆ ಕಾಣುತ್ತಾನೆ. ಅದೇಕೆ? ಇಂಥದ್ದನ್ನು ನಾನೂ ತಯಾರಿಸಬಹುದೇ?

ಉತ್ತರ: ನಿಮ್ಮ ಅನುಮಾನ ಬಹಳ ಒಳ್ಳೆಯದು. ಆ ಕುಣಿತದ ಹಿಂದೆ ಈ ಆಟದ ಅತ್ಯಂತ ಸ್ವಾರಸ್ಯಕರವಾದ ನಿಯಮವೊಂದು ಅಡಗಿದೆ. ಅಲ್ಲಿಗೆ ಹೋಗುವ ಮೊದಲು ಆಡಿದವರು ಯಾರು ಎಂಬುದನ್ನು ಇತ್ಯರ್ಥ ಮಾಡೋಣ.

ಆಡಿದ್ದು ಮನುಷ್ಯರೇ. ಆದರೆ ಕೈಯಲ್ಲಿ ಕಂಟ್ರೋಲರ್ ಹಿಡಿದು, ಗಡಿಯಾರ ಓಡುತ್ತಿರುವಾಗ ಆಡಿದ್ದಲ್ಲ. 1985ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಆಟ ಸೆಕೆಂಡಿಗೆ ಸುಮಾರು 60 ಬಾರಿ ಪರದೆಯ ಚಿತ್ರವನ್ನು ಬದಲಿಸುತ್ತದೆ. ಅಂಥ ಒಂದು ಚಿತ್ರವೇ ಒಂದು ಫ್ರೇಮ್. ಪ್ರತಿ ಫ್ರೇಮಿನಲ್ಲೂ ಆಟ ಕಂಟ್ರೋಲರಿನ ಎಂಟು ಬಟನ್‌ಗಳನ್ನು ಒಮ್ಮೆ ನೋಡುತ್ತದೆ: ಯಾವುದು ಒತ್ತಿದೆ, ಯಾವುದು ಇಲ್ಲ. ಟೂಲ್-ಅಸಿಸ್ಟೆಡ್ ಓಟವನ್ನು, ಅಂದರೆ ಬಲ್ಲವರ ಬಾಯಲ್ಲಿ ‘ಟ್ಯಾಸ್’ ಅನ್ನು, ತಯಾರಿಸುವವರು ಎಮ್ಯುಲೇಟರಿನಲ್ಲಿ (ಹಳೆಯ ಗೇಮ್ ಯಂತ್ರವನ್ನು ಕಂಪ್ಯೂಟರಿನೊಳಗೆ ಅನುಕರಿಸುವ ಪ್ರೋಗ್ರಾಮಿನಲ್ಲಿ) ಆಟವನ್ನು ನಿಲ್ಲಿಸಿಕೊಂಡು ಈ ಫ್ರೇಮಿಗೆ ಯಾವ ಬಟನ್, ಮುಂದಿನದಕ್ಕೆ ಯಾವುದು ಎಂದು ಒಂದೊಂದಾಗಿ ತೀರ್ಮಾನಿಸುತ್ತಾರೆ. ಸರಿಬಾರದಿದ್ದರೆ ಉಳಿಸಿಟ್ಟ ಸ್ಥಿತಿಗೆ ಹಿಂದಿರುಗಿ ಮತ್ತೊಂದು ದಾರಿ ನೋಡುತ್ತಾರೆ. ಹೀಗೆ ಹಿಂದಿರುಗಿದ್ದಕ್ಕೆಲ್ಲ ಲೆಕ್ಕವಿರುತ್ತದೆ. ‘ರೀರೆಕಾರ್ಡ್’ ಎಂಬ ಹೆಸರಿನಲ್ಲಿ ಆ ಸಂಖ್ಯೆ ಕಡತದಲ್ಲೇ ದಾಖಲಾಗುತ್ತದೆ.

ಅಂತಿಮವಾಗಿ ಸಿದ್ಧವಾಗುವ ಕಡತದಲ್ಲಿ ವಿಡಿಯೋ ಇರುವುದಿಲ್ಲ. ಬಟನ್‌ಗಳ ಪಟ್ಟಿ ಮಾತ್ರ ಇರುತ್ತದೆ. ಹ್ಯಾಪಿಲೀ ಎಂಬ ಹೆಸರಿನಲ್ಲಿ ಪ್ರಸಿದ್ಧರಾದವರು 2011ರಲ್ಲಿ ಸಿದ್ಧಪಡಿಸಿದ, 4 ನಿಮಿಷ 57.31 ಸೆಕೆಂಡಿನ ಓಟದಲ್ಲಿ ಇರುವುದು ಇಂಥ 17,868 ಫ್ರೇಮ್‌ಗಳ ಪಟ್ಟಿ. ಆಟದ ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟುವಂತಿಲ್ಲ, ಮಾರಿಯೋನ ವೇಗವನ್ನು ಹೆಚ್ಚಿಸುವಂತಿಲ್ಲ, ಮೆಮೊರಿಯನ್ನು ಹೊರಗಿನಿಂದ ತಿದ್ದುವಂತಿಲ್ಲ. ಆಟದೊಳಕ್ಕೆ ಹೋಗಬಹುದಾದ ದಾರಿ ಒಂದೇ, ಕಂಟ್ರೋಲರ್. ಈ ಕಟ್ಟುಪಾಡೇ ಟ್ಯಾಸ್‌ನ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಸಡಿಲಿಸಿದರೆ ನೋಡಲು ಏನೂ ಉಳಿಯುವುದಿಲ್ಲ.

ಎಲ್ಲ ಸಾಧ್ಯತೆಗಳನ್ನೂ ಕಂಪ್ಯೂಟರೇ ಹುಡುಕಲಿ ಎಂದು ಬಿಟ್ಟುಬಿಡಬಾರದೇ ಎಂದು ನಿಮ್ಮ ತಮ್ಮ ಕೇಳಬಹುದು. ಎಂಟು ಬಟನ್‌ಗಳಿಂದ ಒಂದು ಫ್ರೇಮಿಗೆ 256 ಸಾಧ್ಯತೆಗಳು. ಎರಡು ಫ್ರೇಮಿಗೆ 65,536. ಮೂರಕ್ಕೆ ಒಂದು ಕೋಟಿ ಅರವತ್ತೇಳು ಲಕ್ಷ ದಾಟುತ್ತದೆ. ಹದಿನೇಳು ಸಾವಿರ ಫ್ರೇಮ್‌ಗಳ ಮಾತು ಬೇಡವೇ ಬೇಡ. ಒಂದು ನಿರ್ದಿಷ್ಟ ಗೋಡೆಯ ಮುಂದೆ, ಹತ್ತಾರು ಫ್ರೇಮ್‌ಗಳಲ್ಲಿ, ಮೂರು ನಾಲ್ಕು ಬಟನ್‌ಗಳನ್ನಷ್ಟೇ ಬಳಸಿ ಏನಾದರೂ ಆಗುತ್ತದೆಯೇ ಎಂದು ಸ್ಕ್ರಿಪ್ಟ್ ಬರೆದು ಹುಡುಕಿಸುವುದು ಉಂಟು, ಅದು ಉಪಯುಕ್ತವೂ ಹೌದು. ಆದರೆ ಯಾವ ಗೋಡೆ, ಯಾವ ಫ್ರೇಮ್, ಏಕೆ ಅಲ್ಲಿ ಎಂಬುದನ್ನು ಆಟದ ಒಳಗನ್ನು ಬಲ್ಲವರೇ ಹೇಳಬೇಕು.

ಇದೆಲ್ಲ ಸಾಧ್ಯವಾಗುವುದು ಆ ಹಳೆಯ ಯಂತ್ರ ತನ್ನ ಮಾತಿಗೆ ಎಂದೂ ತಪ್ಪದಿರುವುದರಿಂದ. ವಿದ್ಯುತ್ ಕೊಟ್ಟ ಕ್ಷಣದಿಂದ ಅದೇ ಫ್ರೇಮಿಗೆ ಅದೇ ಬಟನ್ ಒತ್ತಿದರೆ ಅದೇ ಆಟ ನಡೆಯುತ್ತದೆ. ಶತ್ರುಗಳ ನಡೆಯಲ್ಲಿ ನಮಗೆ ಕಾಣುವ ಅದೃಷ್ಟವೂ ನಿಜವಾದ ಅದೃಷ್ಟವಲ್ಲ. ಪ್ರತಿ ಬಾರಿ ಯಂತ್ರ ಚಾಲೂ ಆದಾಗ ಆಟ ಒಂದೇ ಬೀಜಸಂಖ್ಯೆಯಿಂದ ಹೊರಟು, ಫ್ರೇಮಿಗೊಮ್ಮೆ ಅದನ್ನು ಗೊತ್ತಾದ ರೀತಿಯಲ್ಲಿ ಕಲಕುತ್ತದೆ. ನೀವು ಯಾವ ಬಟನ್ ಒತ್ತಿದರೂ ಆ ಸಂಖ್ಯೆಗೆ ಸಂಬಂಧವಿಲ್ಲ, ಕಳೆದ ಫ್ರೇಮ್‌ಗಳೇ ಅದನ್ನು ನಿರ್ಧರಿಸುತ್ತವೆ. ಆರಂಭದ ಪರದೆಯಲ್ಲಿ ಎಷ್ಟು ಹೊತ್ತು ಕಾದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. 8-3ರಲ್ಲಿ, ಅಂದರೆ ಎಂಟನೆಯ ಲೋಕದ ಮೂರನೆಯ ಹಂತದಲ್ಲಿ, ಸುತ್ತಿಗೆ ಎಸೆಯುವ ಸಹೋದರರು ಯಾವಾಗ ನೆಗೆಯುತ್ತಾರೆ, ಯಾವಾಗ ಎಸೆಯುತ್ತಾರೆ ಎಂಬುದು ನೀವು ಅಲ್ಲಿಗೆ ಯಾವ ಫ್ರೇಮಿಗೆ ಬಂದಿರಿ ಎಂಬುದನ್ನು ಅವಲಂಬಿಸಿದೆ.

ಈಗ ಆ ಕುಣಿತಕ್ಕೆ ಬರೋಣ.

ಒಂದು ಹಂತ ಮುಗಿದು ಮುಂದಿನದು ತೆರೆದುಕೊಳ್ಳುವ ನಡುವೆ ಈ ಆಟ ಕೆಲವು ನಿಧಾನ ಗಡಿಯಾರಗಳನ್ನು ನಂಬಿಕೊಂಡಿದೆ. ಅವು ಪ್ರತಿ ಫ್ರೇಮಿಗೂ ಇಳಿಯುವುದಿಲ್ಲ. ಒಳಗೊಂದು ಎಣಿಕೆ 20ರಿಂದ ಸೊನ್ನೆಗೆ ಇಳಿಯುತ್ತಿರುತ್ತದೆ. ಅದು ಸೊನ್ನೆಯನ್ನು ದಾಟಿದಾಗ ಮಾತ್ರ, ಅಂದರೆ 21 ಫ್ರೇಮಿಗೊಮ್ಮೆ, ನಿಧಾನ ಗಡಿಯಾರಗಳು ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಪರಿಣಾಮ ಏನೆಂದರೆ, ನೀವು ಹಂತವನ್ನು ಯಾವ ಫ್ರೇಮಿಗೆ ಮುಗಿಸಿದರೂ ಮುಂದಿನ ಹಂತ ತೆರೆಯುವುದು ಮುಂದಿನ 21ರ ಗಡಿಯಲ್ಲೇ. ಸ್ಪೀಡ್‌ರನ್ ಮಾಡುವವರು ಇದನ್ನು ‘ಫ್ರೇಮ್ ರೂಲ್’ ಎನ್ನುತ್ತಾರೆ. ಅವರೇ ಬಹಳ ಕಾಲದಿಂದ ಕೊಡುತ್ತ ಬಂದಿರುವ ಹೋಲಿಕೆಯೂ ಚೆನ್ನಾಗಿದೆ: ಪ್ರತಿ 21 ಫ್ರೇಮಿಗೆ ಒಂದು ಬಸ್ ಹೊರಡುತ್ತದೆ. ನಿಲ್ದಾಣಕ್ಕೆ ಓಡಿಬಂದರೂ ನಡೆದುಬಂದರೂ, ಅದೇ ಬಸ್ ಸಿಕ್ಕಿದರೆ ತಲುಪುವ ಹೊತ್ತು ಒಂದೇ.

ಇಪ್ಪತ್ತೊಂದು ಫ್ರೇಮ್ ಎಂದರೆ ಸುಮಾರು 0.35 ಸೆಕೆಂಡ್. ಹಂತದೊಳಗೆ ನೀವು ಕಷ್ಟಪಟ್ಟು ಹತ್ತು ಫ್ರೇಮ್ ಉಳಿಸಿದರೂ ಹಿಂದಿನ ಬಸ್ ಸಿಗದಿದ್ದರೆ ಅಷ್ಟೂ ಫ್ರೇಮ್‌ಗಳು ಕಪ್ಪು ಪರದೆಯಲ್ಲಿ ಕರಗಿಹೋಗುತ್ತವೆ. ಮತ್ತೊಮ್ಮೆ, ಒಂದೇ ಒಂದು ಫ್ರೇಮ್ ಉಳಿಸಿದ್ದರಿಂದ ಹಿಂದಿನ ಬಸ್ ಸಿಕ್ಕರೆ 21 ಫ್ರೇಮ್‌ಗಳ ಲಾಭ! ಆದ್ದರಿಂದ ಈ ಆಟದಲ್ಲಿ ಒಂದು ಉಪಾಯವನ್ನು ಒಂಟಿಯಾಗಿ ತೂಗುವುದಕ್ಕೆ ಆಗುವುದಿಲ್ಲ. ತಾನಾಗಿ ಏನನ್ನೂ ಗಳಿಸದ ಎರಡು ಉಪಾಯಗಳು ಜೊತೆಯಾದಾಗ ಗಡಿ ದಾಟಿಸಬಹುದು. ಹಾಗೆಯೇ, ಗಡಿಯನ್ನು ಇನ್ನು ದಾಟುವುದು ಸಾಧ್ಯವೇ ಇಲ್ಲ ಎಂದು ಗೊತ್ತಾದ ಹಂತದಲ್ಲಿ ಕೈಯಲ್ಲಿ ಕೆಲವು ಫ್ರೇಮ್‌ಗಳು ಮಿಗುತ್ತವೆ. ಅವುಗಳನ್ನು ಉಳಿಸಿಯೂ ಪ್ರಯೋಜನವಿಲ್ಲ. ನೀವು ನೋಡಿದ ಕುಣಿತ ಆ ಮಿಕ್ಕ ಫ್ರೇಮ್‌ಗಳ ಖರ್ಚು. ನೋಡುವವರಿಗೆ ಖುಷಿಯಾಗಲಿ ಎಂದು ತಯಾರಕರು ಅಲ್ಲಿ ಮಾರಿಯೋನನ್ನು ಆಡಿಸುತ್ತಾರೆ. ಆ ಕುಣಿತ ಒಂದು ಫ್ರೇಮ್ ಹೆಚ್ಚಾಗಿದ್ದರೂ ಬಸ್ ತಪ್ಪುತ್ತಿತ್ತು ಎಂಬಷ್ಟು ಬಿಗಿಯಾಗಿ ಕೆಲವೊಮ್ಮೆ ಲೆಕ್ಕ ಹಾಕಿರುತ್ತಾರೆ. ನನಗಂತೂ ಇಡೀ ಓಟದ ಅತ್ಯಂತ ಆತ್ಮವಿಶ್ವಾಸದ ಕ್ಷಣಗಳು ಅವೇ.

ಕೊನೆಯ ಹಂತವಾದ 8-4ಕ್ಕೆ ಈ ಸೌಲಭ್ಯವಿಲ್ಲ. ಅಲ್ಲಿ ಕಾಯಬೇಕಾದ ಮುಂದಿನ ಹಂತವೇ ಇಲ್ಲ. ಸೇತುವೆಯ ತುದಿಯ ಕೊಡಲಿಯನ್ನು ಮುಟ್ಟಿದ ಫ್ರೇಮಿನಲ್ಲೇ ಓಟ ಮುಗಿಯುತ್ತದೆ. ಆದ್ದರಿಂದ ಅಲ್ಲಿ ಪ್ರತಿಯೊಂದು ಫ್ರೇಮೂ ನೇರವಾಗಿ ದಾಖಲೆಗೆ ಸೇರುತ್ತದೆ. ವಿಡಿಯೋವನ್ನು ಇನ್ನೊಮ್ಮೆ ನೋಡುವಾಗ 8-4ರಲ್ಲಿ ಯಾವ ಆಟಾಟೋಪವೂ ಇಲ್ಲದಿರುವುದನ್ನು ಗಮನಿಸಿ.

ವೇಗದ ವಿಚಾರದಲ್ಲಿ ಟ್ಯಾಸ್‌ಗೆ ಯಾವ ವಿಶೇಷ ಸವಲತ್ತೂ ಇಲ್ಲ. ನೆಲದ ಮೇಲೆ ಓಡುವ ಮಾರಿಯೋನ ಗರಿಷ್ಠ ವೇಗ ಫ್ರೇಮಿಗೆ ಎರಡೂವರೆ ಪಿಕ್ಸೆಲ್. ಅದು ನಿಮಗೂ ಅಷ್ಟೇ, ದಾಖಲೆಕಾರರಿಗೂ ಅಷ್ಟೇ. ಪರದೆಯಲ್ಲಿ ಅರ್ಧ ಪಿಕ್ಸೆಲ್ ಕಾಣಿಸದಿದ್ದರೂ ಆಟ ಒಂದು ಪಿಕ್ಸೆಲನ್ನು ಹದಿನಾರು ಭಾಗ ಮಾಡಿ ಲೆಕ್ಕ ಇಟ್ಟುಕೊಂಡಿರುತ್ತದೆ. ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಇಬ್ಬರು ಮಾರಿಯೋಗಳು ಈ ಸಬ್‌ಪಿಕ್ಸೆಲ್‌ನಲ್ಲಿ ಬೇರೆಯಾಗಿರಬಹುದು. ಒಬ್ಬನಿಗೆ ಮುಂದಿನ ಗೋಡೆಯಲ್ಲಿ ಕಾಲೂರಲು ಸಾಧ್ಯವಾಗುತ್ತದೆ, ಇನ್ನೊಬ್ಬನಿಗೆ ಇಲ್ಲ.

ಗೋಡೆಯಲ್ಲಿ ಕಾಲೂರುವುದೆಂದರೇನು? ಮಾರಿಯೋ ಪೂರ್ಣ ವೇಗದಲ್ಲಿ ಗೋಡೆಗೆ ಬಡಿದಾಗ, ಆಟ ಅವನನ್ನು ಹೊರಗೆ ತಳ್ಳುವ ಮೊದಲು ಒಂದು ಫ್ರೇಮಿನ ಮಟ್ಟಿಗೆ ಅವನ ಪಾದ ಗೋಡೆಯ ಒಳಗಿರುತ್ತದೆ. ಗೋಡೆ ಕಟ್ಟಿರುವುದು 16 ಪಿಕ್ಸೆಲ್ ಎತ್ತರದ ಚೌಕಗಳಿಂದ. ಆ ಒಂದು ಫ್ರೇಮಿನಲ್ಲಿ ಪಾದ ಯಾವುದಾದರೂ ಚೌಕದ ಮೇಲಂಚಿನ ಹತ್ತಿರವಿದ್ದರೆ, ಅವನು ಅದರ ಮೇಲೆ ನಿಂತಿದ್ದಾನೆ ಎಂದೇ ಆಟ ಭಾವಿಸುತ್ತದೆ. ನಿಂತವನು ನೆಗೆಯಬಹುದಲ್ಲ! ಆ ಫ್ರೇಮಿಗೆ ಸರಿಯಾಗಿ ನೆಗೆತದ ಬಟನ್ ಒತ್ತಿದರೆ ಗಾಳಿಯಲ್ಲಿದ್ದ ಮಾರಿಯೋ ಗೋಡೆಯಿಂದ ಮತ್ತೊಮ್ಮೆ ಚಿಮ್ಮುತ್ತಾನೆ. 8-4ರಲ್ಲಿ ಎತ್ತರದ ಕೊಳವೆಯೊಂದನ್ನು ಹತ್ತಲು ಅಡಗಿಸಿಟ್ಟ ಚೌಕವೊಂದನ್ನು ಹುಡುಕಿ ಮೆಟ್ಟಿಲು ಮಾಡಿಕೊಳ್ಳಬೇಕೆಂಬುದು ಆಟದವರ ಉದ್ದೇಶ. ಗೋಡೆ ನೆಗೆತ ಬಲ್ಲವರಿಗೆ ಆ ಚೌಕ ಬೇಕಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 4-2. ಐದು ನಿಮಿಷದೊಳಗಿನ ದಾರಿ ಎಂಟು ಹಂತಗಳದ್ದು: 1-1, 1-2, ಅಲ್ಲಿಂದ 4-1ಕ್ಕೆ ಜಿಗಿತ, 4-2, ಅಲ್ಲಿಂದ 8-1ಕ್ಕೆ ಜಿಗಿತ, ಆಮೇಲೆ ಕೊನೆಯವರೆಗೆ. 4-2ರಲ್ಲಿ ಎಂಟನೆಯ ಲೋಕಕ್ಕೆ ಹೋಗಬೇಕಾದರೆ ಒಂದು ಇಟ್ಟಿಗೆ ಗುದ್ದಿ, ಅದರಿಂದ ಏಳುವ ಬಳ್ಳಿಯನ್ನು ಹತ್ತಬೇಕು. ಬಳ್ಳಿ ನಿಧಾನವಾಗಿ ಬೆಳೆಯುತ್ತದೆ, ಹತ್ತುವುದೂ ನಿಧಾನ. ಸ್ವಲ್ಪ ಮುಂದೆ ಒಂದು ಕೊಳವೆಯಿದೆ, ಅದು ಹೋಗುವುದು ನಾಣ್ಯಗಳ ಕೋಣೆಗೆ. ಈಗ ಆಟದ ಒಳಗನ್ನು ನೋಡಿ: ‘ಇಲ್ಲಿಂದ ಇಳಿದರೆ ಎಲ್ಲಿಗೆ’ ಎಂಬ ವಿಳಾಸಕ್ಕೆ ಮೆಮೊರಿಯಲ್ಲಿರುವುದು ಒಂದೇ ಜಾಗ. ಬಳ್ಳಿಯ ವಿಳಾಸವನ್ನು ಅಳಿಸಿ ಕೊಳವೆಯ ವಿಳಾಸವನ್ನು ಬರೆಯುವುದು ಯಾವಾಗ ಎಂದರೆ, ಪರದೆ ಒಂದು ಗೊತ್ತಾದ ದೂರದಷ್ಟು ಮುಂದೆ ಸರಿದಾಗ. ಮಾರಿಯೋ ಎಲ್ಲಿದ್ದಾನೆ ಎಂಬುದನ್ನು ಆಟ ಕೇಳುವುದೇ ಇಲ್ಲ, ಪರದೆ ಎಲ್ಲಿದೆ ಎಂಬುದನ್ನಷ್ಟೇ ನೋಡುತ್ತದೆ.

ಸಾಮಾನ್ಯವಾಗಿ ಇವೆರಡೂ ಜೊತೆಜೊತೆಗೆ ಸಾಗುತ್ತವೆ. ಆದರೆ ಮಾರಿಯೋ ಚೌಕಗಳ ಅಂಚಿಗೆ ತಾಗಿ, ಆಟವೇ ಅವನನ್ನು ಹೊರಗೆ ತಳ್ಳುವಂತೆ ಮಾಡಿಕೊಂಡರೆ, ಆ ತಳ್ಳಾಟದಲ್ಲಿ ಅವನು ಮುಂದೆ ಸರಿಯುತ್ತಾನೆ, ಪರದೆ ಅಲ್ಲೇ ಉಳಿಯುತ್ತದೆ. ಹೀಗೆ ಸುಮಾರು ಇಪ್ಪತ್ತು ಪಿಕ್ಸೆಲ್ ಸಂಪಾದಿಸಿದರೆ ಮಾರಿಯೋ ಕೊಳವೆಯನ್ನು ತಲುಪಿದಾಗ ಪರದೆ ಆ ಗಡಿಯನ್ನು ಮುಟ್ಟಿರುವುದಿಲ್ಲ. ಕೊಳವೆಗೆ ಇಳಿದವನನ್ನು ಆಟ ಇನ್ನೂ ಅಳಿಸಿರದ ಬಳ್ಳಿಯ ವಿಳಾಸಕ್ಕೆ ಕಳುಹಿಸುತ್ತದೆ. ಬಳ್ಳಿಯನ್ನು ಹತ್ತದೆಯೇ ಬಳ್ಳಿಯ ಮೇಲಿನ ಲೋಕ! ಸ್ಪೀಡ್‌ರನ್ ಬಳಗದಲ್ಲಿ ಇದಕ್ಕೆ ‘ರಾಂಗ್ ವಾರ್ಪ್’ ಎನ್ನುತ್ತಾರೆ. ಇದರಲ್ಲಿ ಬೆರಳಿನ ಚುರುಕಿಗಿಂತ ದೊಡ್ಡದು, ಪರದೆ ಮತ್ತು ಮಾರಿಯೋ ಎರಡು ಬೇರೆ ವಸ್ತುಗಳು ಎಂದು ಮೊದಲು ಕಂಡವರ ಕಣ್ಣು.

ಈಗ ನಿಮ್ಮ ತಮ್ಮನ ಆಕ್ಷೇಪಕ್ಕೆ ಬರುತ್ತೇನೆ. ಅವನ ಸಿಟ್ಟಿಗೆ ಚರಿತ್ರೆಯ ಆಧಾರವಿದೆ. ಡೂಮ್ ಆಟದ ಅಭಿಮಾನಿಗಳು 1999ರಲ್ಲೇ ಆಟವನ್ನು ನಿಧಾನಗೊಳಿಸಿ ಓಟಗಳನ್ನು ದಾಖಲಿಸುತ್ತಿದ್ದರು ಮತ್ತು ಹಾಗೆಂದು ಬಹಿರಂಗವಾಗಿ ಹೇಳುತ್ತಿದ್ದರು. ಆದರೆ 2003ರಲ್ಲಿ ಮೊರಿಮೊಟೊ ಎಂಬ ಜಪಾನಿನ ತಯಾರಕರು ಸೂಪರ್ ಮಾರಿಯೋ ಬ್ರದರ್ಸ್ 3 ಆಟವನ್ನು ಸುಮಾರು 11 ನಿಮಿಷದಲ್ಲಿ ಮುಗಿಸಿದ ವಿಡಿಯೋ ಲೋಕವೆಲ್ಲ ಹರಡಿದಾಗ, ಅದು ತಯಾರಾದ ಬಗೆಯ ವಿವರಣೆ ಅದರ ಜೊತೆ ಪ್ರಯಾಣ ಮಾಡಲಿಲ್ಲ. ನೋಡಿದವರು ಅಸಾಧ್ಯ ಪ್ರತಿಭೆಯ ಆಟಗಾರನೊಬ್ಬನನ್ನು ಕಲ್ಪಿಸಿಕೊಂಡರು. ನಿಜ ತಿಳಿದಾಗ ಅನೇಕರಿಗೆ ವಂಚನೆಗೊಳಗಾದ ಭಾವನೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ಬಿಸ್ಕ್ವಿಟ್ ಎಂದು ಪರಿಚಿತರಾದ ಫಿನ್ಲೆಂಡಿನ ಪ್ರೋಗ್ರಾಮರ್ ಒಬ್ಬರು ಇಂಥ ಓಟಗಳಿಗಾಗಿಯೇ ಒಂದು ತಾಣವನ್ನು ಆರಂಭಿಸಿದರು. ಅದು ಬೆಳೆದು ಇಂದಿನ ಟ್ಯಾಸ್‌ವಿಡಿಯೋಸ್ ಆಗಿದೆ. ಅಲ್ಲಿ ಪ್ರತಿ ಓಟಕ್ಕೂ ಟೂಲ್‌ಗಳ ನೆರವಿನಿಂದ ಮಾಡಿದ್ದು ಎಂಬ ಗುರುತು ಇರುತ್ತದೆ, ತಯಾರಕರ ಟಿಪ್ಪಣಿಯೂ ಇರುತ್ತದೆ.

ಆದ್ದರಿಂದ ಮೋಸದ ಗೆರೆ ಎಲ್ಲಿದೆ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಟ್ಯಾಸ್ ಅನ್ನು ಕೈಯಾಟ ಎಂದು ತೋರಿಸಿ ಮನುಷ್ಯರ ದಾಖಲೆಪಟ್ಟಿಗೆ ಸೇರಿಸುವುದು ಶುದ್ಧ ವಂಚನೆ, ಅದಕ್ಕೆ ಕ್ಷಮೆಯಿಲ್ಲ. ಟ್ಯಾಸ್ ಎಂದೇ ಹೇಳಿ ತೋರಿಸುವುದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಎರಡರ ಪಟ್ಟಿಗಳೂ ಬೇರೆ, ನಿಯಮಗಳೂ ಬೇರೆ. ಉದಾಹರಣೆಗೆ, ಮೂಲ ಕಂಟ್ರೋಲರಿನಲ್ಲಿ ಎಡ ಮತ್ತು ಬಲ ಒಂದೇ ಗುಂಡಿಯ ಎರಡು ತುದಿಗಳು. ಅವನ್ನು ಒಟ್ಟಿಗೆ ಒತ್ತುವುದಕ್ಕೆ ಅದರ ರಚನೆಯೇ ಬಿಡುವುದಿಲ್ಲ. ಟ್ಯಾಸ್‌ನಲ್ಲಿ ಒತ್ತಬಹುದು, ಮನುಷ್ಯರ ಓಟದಲ್ಲಿ ನಿಷಿದ್ಧ. ಸಮಯದ ಲೆಕ್ಕವೂ ಬೇರೆ. ಮೇಲೆ ಹೇಳಿದ 4 ನಿಮಿಷ 57.31 ಸೆಕೆಂಡ್ ವಿದ್ಯುತ್ ಕೊಟ್ಟ ಕ್ಷಣದಿಂದ ಕೊನೆಯ ಬಟನ್‌ವರೆಗಿನದು. ಮನುಷ್ಯರ ಓಟದ ಗಡಿಯಾರ 1-1 ಶುರುವಾದಾಗ ಹೊರಟು ಕೊಡಲಿ ಮುಟ್ಟಿದಾಗ ನಿಲ್ಲುತ್ತದೆ. ಆ ಲೆಕ್ಕದಲ್ಲಿ ಅದೇ ಓಟ ಸುಮಾರು 4 ನಿಮಿಷ 54.26 ಸೆಕೆಂಡ್. ಈ ಎರಡು ಅಂಕಿಗಳನ್ನು ಕಲಸಿಕೊಂಡು ಮನುಷ್ಯರು ಟ್ಯಾಸ್ ಅನ್ನು ಸೋಲಿಸಿದರು ಎಂದು ಬರೆಯುವವರಿದ್ದಾರೆ, ಎಚ್ಚರವಿರಲಿ.

ಸೋಲಿಸದಿದ್ದರೂ ಮನುಷ್ಯರು ಬಂದು ಮುಟ್ಟಿರುವ ಜಾಗ ನೋಡಿದರೆ ಮೈ ನವಿರೇಳುತ್ತದೆ. 2021ರಲ್ಲಿ ನಿಫ್ಟ್‌ಸ್ಕಿ ಎಂಬ ಆಟಗಾರ ಮೊದಲ ಬಾರಿಗೆ 4 ನಿಮಿಷ 55 ಸೆಕೆಂಡಿನ ಗಡಿಯನ್ನು ಒಡೆದ. ಅಂದಿನಿಂದ ಕೈಯಾಟಕ್ಕೂ ಟ್ಯಾಸ್‌ಗೂ ನಡುವೆ ಉಳಿದಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಅಂತರ. ಇಲ್ಲಿಗೆ ತಲುಪಿಸಿದ ಉಪಾಯಗಳಲ್ಲಿ ಒಂದು, ಹಂತದ ಕೊನೆಯಲ್ಲಿರುವ ಧ್ವಜಸ್ತಂಭದ ಗ್ಲಿಚ್, ಅಂದರೆ ಆಟದ ಪ್ರೋಗ್ರಾಮಿನ ಲೋಪವೊಂದರ ಬಳಕೆ. ಕಂಬದ ಬುಡದ ಚೌಕದೊಳಕ್ಕೆ ಮಾರಿಯೋ ಸರಿಯಾದ ಕೋನದಲ್ಲಿ ಸಿಲುಕಿಕೊಂಡರೆ ಧ್ವಜ ಇಳಿಯುವುದಕ್ಕೆ ಕಾಯಬೇಕಾಗಿಲ್ಲ, ಅವನು ನೇರ ಕೋಟೆಯತ್ತ ನಡೆಯುತ್ತಾನೆ. ಒಂದು ಕಾಲಕ್ಕೆ ಇದು ಟ್ಯಾಸ್‌ಗಷ್ಟೇ ಸಾಧ್ಯ ಎಂದು ಕೈಬಿಟ್ಟಿದ್ದರು. ಆಮೇಲೆ ಆಟಗಾರರು ಎಲ್ಲಿಂದ ಓಡಬೇಕು, ಯಾವ ಚೌಕಕ್ಕೆ ತಾಗಿ ನಿಂತು ಸಬ್‌ಪಿಕ್ಸೆಲ್ ಹೊಂದಿಸಿಕೊಳ್ಳಬೇಕು ಎಂದು ಕ್ರಮವನ್ನು ಕಂಡುಕೊಂಡರು. 8-2ರಲ್ಲಿ ಅದಕ್ಕೂ ಅನುಕೂಲವಿರಲಿಲ್ಲ. ಅಲ್ಲಿ ಹಾರಿಬರುವ ಗುಂಡೊಂದರ ಮೇಲೆ ಪುಟಿದು ಕಂಬದ ಬುಡಕ್ಕೆ ಬೀಳುವ ಉಪಾಯ ಹೊಳೆಯಿತು. ಟ್ಯಾಸ್ ಇಲ್ಲದಿದ್ದರೆ, ಉಳಿಸಬಹುದಾದ ಒಂದು ಬಸ್ ಅಲ್ಲಿದೆ ಎಂದು ಅಷ್ಟು ನಿಖರವಾಗಿ ಹೇಳುವವರು ಯಾರು? ನಿಮ್ಮ ತಮ್ಮ ಮೆಚ್ಚುವ ಕೈಯಾಟದ ದಾಖಲೆಗಳ ಒಳಗೇ ಟ್ಯಾಸ್ ತಯಾರಕರ ದುಡಿಮೆ ಬೆರೆತಿದೆ ಎಂದು ಅವನಿಗೆ ತಿಳಿಸಿ.

ಎಮ್ಯುಲೇಟರಿನಲ್ಲಿ ನಡೆದದ್ದು ನಿಜವಾದ ಯಂತ್ರದಲ್ಲೂ ನಡೆಯುತ್ತದೆಯೇ ಎಂಬುದು ನ್ಯಾಯವಾದ ಸಂದೇಹ. ಅದಕ್ಕೆ ಉತ್ತರವಾಗಿ ಬಟನ್‌ಗಳ ಪಟ್ಟಿಯನ್ನು ಕಂಟ್ರೋಲರಿನ ಜಾಗದಿಂದಲೇ ಹಳೆಯ ಯಂತ್ರಕ್ಕೆ ಉಣಿಸುವ ಸಾಧನಗಳನ್ನು ಕಟ್ಟಿದ್ದಾರೆ. ಟ್ಯಾಸ್‌ಬಾಟ್ ಎಂಬ ಪುಟ್ಟ ರೋಬೋ ಇದಕ್ಕೇ ಹೆಸರಾದದ್ದು. 2014ರ ಜನವರಿಯಲ್ಲಿ ಆಸಮ್ ಗೇಮ್ಸ್ ಡನ್ ಕ್ವಿಕ್ ಎಂಬ ದತ್ತಿ ಸಮಾರಂಭದಲ್ಲಿ ಅದು ಸೂಪರ್ ಮಾರಿಯೋ ವರ್ಲ್ಡ್ ಆಟಕ್ಕೆ ಬಟನ್‌ಗಳನ್ನೇ ಒತ್ತಿ ಒತ್ತಿ, ಆಟದ ಮೆಮೊರಿಯೊಳಗೆ ಹೊಸ ಪ್ರೋಗ್ರಾಮನ್ನೇ ಬರೆದು, ಅದೇ ಪರದೆಯ ಮೇಲೆ ಪಾಂಗ್ ಮತ್ತು ಸ್ನೇಕ್ ಆಟಗಳನ್ನು ಎಬ್ಬಿಸಿ ತೋರಿಸಿತು. ಎರಡು ವರ್ಷದ ಬಳಿಕ, 2016ರಲ್ಲಿ, ಸೆತ್‌ಬ್ಲಿಂಗ್ ಎಂಬ ಆಟಗಾರ ಯಾವ ಟೂಲೂ ಇಲ್ಲದೆ ಬರಿಗೈಯಲ್ಲಿ ಅದೇ ಮಾರ್ಗದಿಂದ ಫ್ಲಾಪಿ ಬರ್ಡ್ ಆಟವನ್ನು ಬರೆದು ಮುಗಿಸಿದರು.

ನೀವೂ ತಯಾರಿಸಬಹುದೇ? ಖಂಡಿತ. ಎಫ್‌ಸಿಇಯುಎಕ್ಸ್ ಅಥವಾ ಬಿಜ್‌ಹಾಕ್, ಈ ಎರಡು ಎಮ್ಯುಲೇಟರುಗಳಲ್ಲಿ ಒಂದು ಸಾಕು. ಎರಡೂ ಉಚಿತ. ಎರಡರಲ್ಲೂ ಟ್ಯಾಸ್‌ಗೆಂದೇ ಸಂಪಾದಕವಿದೆ: ಒಂದು ಸಾಲಿಗೆ ಒಂದು ಫ್ರೇಮ್, ಒಂದು ಕಾಲಮ್ಮಿಗೆ ಒಂದು ಬಟನ್. ಇಡೀ ಆಟಕ್ಕೆ ಕೈಹಾಕಬೇಡಿ. 1-1 ಮಾತ್ರ ತೆಗೆದುಕೊಳ್ಳಿ, ಮೊದಲ ಬಾರಿ ಗ್ಲಿಚ್‌ಗಳೂ ಬೇಡ.

ಮೊದಲ ದಿನವೇ ಮೆಮೊರಿ ವೀಕ್ಷಣೆಯ ಕಿಟಕಿ ತೆರೆದು ನಾಲ್ಕು ವಿಳಾಸಗಳನ್ನು ಬರೆದುಕೊಳ್ಳಿ. 0086 ಮಾರಿಯೋನ ಅಡ್ಡ ಸ್ಥಾನ. 006ಡಿ ಅವನಿರುವ ಪುಟ, ಅಂದರೆ 256 ಪಿಕ್ಸೆಲ್‌ಗಳ ಎಷ್ಟನೆಯ ಭಾಗ ಎಂಬುದು. 0057 ಅವನ ವೇಗ. ಪೂರ್ಣ ಓಟದಲ್ಲಿ ಇದು 40 ತೋರಿಸಬೇಕು, ಹೆಕ್ಸಾಡೆಸಿಮಲ್‌ನಲ್ಲಿ ನೋಡುತ್ತಿದ್ದರೆ 28. ಎಲ್ಲಿಯಾದರೂ 40ರಿಂದ ಕೆಳಗೆ ಇಳಿಯಿತು ಎಂದರೆ ಅಲ್ಲಿ ಏನೋ ತಾಗಿದೆ, ಹಿಂದಿರುಗಿ ನೋಡಿ. ನಾಲ್ಕನೆಯದು 077ಎಫ್. ನಾನು ಮೇಲೆ ಹೇಳಿದ 20ರಿಂದ ಸೊನ್ನೆಗೆ ಇಳಿಯುವ ಎಣಿಕೆ ಕುಳಿತಿರುವುದು ಅಲ್ಲೇ. ಅದನ್ನು ಫ್ರೇಮ್ ಫ್ರೇಮಾಗಿ ನೋಡುತ್ತ ಹಂತ ಮುಗಿಸಿದರೆ ಬಸ್ ಹೊರಡುವುದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಒಂದು ಪ್ರಯೋಗ ಮಾಡಿ. ಚೆನ್ನಾಗಿ ಮೂಡಿದ 1-1 ಅನ್ನು ಉಳಿಸಿಟ್ಟು, ಅದರ ನಕಲಿನಲ್ಲಿ ಧ್ವಜದ ಮುಂಚೆ ಬೇಕೆಂದೇ ಒಂದು ಫ್ರೇಮ್ ನಿಲ್ಲಿಸಿ. 1-2 ಯಾವ ಫ್ರೇಮಿಗೆ ತೆರೆಯಿತು ನೋಡಿ. ಇನ್ನೊಂದು ಫ್ರೇಮ್ ಸೇರಿಸಿ, ಮತ್ತೆ ನೋಡಿ. 1-2 ಒಮ್ಮೆಗೇ 21 ಫ್ರೇಮ್ ಹಿಂದೆ ಬೀಳುವವರೆಗೆ ಹೀಗೆ ಸೇರಿಸುತ್ತ ಹೋಗಿ. ಹಾಗೆ ಬೀಳುವುದಕ್ಕೆ ಮುಂಚೆ ಎಷ್ಟು ಫ್ರೇಮ್ ಸೇರಿಸಲು ಸಾಧ್ಯವಾಯಿತೋ ಅಷ್ಟು ನಿಮ್ಮ ಓಟದಲ್ಲಿ ಮಿಕ್ಕಿದೆ. ಅದನ್ನು 20ರಿಂದ ಕಳೆದು ಒಂದು ಕೂಡಿಸಿ: ಹಿಂದಿನ ಬಸ್ ಹಿಡಿಯಲು ನೀವು ಉಳಿಸಬೇಕಾದ ಫ್ರೇಮ್‌ಗಳ ಸಂಖ್ಯೆ ಅದು. ಎರಡು ಮೂರು ಬಂದರೆ ಪ್ರತಿ ನೆಗೆತವನ್ನೂ ಮತ್ತೆ ಪರೀಕ್ಷಿಸುವುದು ಸಾರ್ಥಕ. ಹದಿನೆಂಟು ಬಂದರೆ ನೆಗೆತಗಳನ್ನು ತಿದ್ದುವುದರಿಂದ ಆಗುವುದಿಲ್ಲ, ಬೇರೆ ದಾರಿಯೇ ಬೇಕು. ಧ್ವಜಸ್ತಂಭದ ಗ್ಲಿಚ್ ಕಲಿಯಲು ಅದೇ ಸಮಯ.

ಯಾರಿಗಾದರೂ ತೋರಿಸುವಾಗ ವಿಡಿಯೋ ಜೊತೆ ಬಟನ್‌ಗಳ ಕಡತವನ್ನೂ ಕೊಡಿ, ಯಾವ ಎಮ್ಯುಲೇಟರಿನ ಯಾವ ಆವೃತ್ತಿ ಎಂದು ಬರೆಯಿರಿ, ಎಲ್ಲಿ ಏಕೆ ಹಾಗೆ ಮಾಡಿದಿರಿ ಎಂಬ ಟಿಪ್ಪಣಿ ಸೇರಿಸಿ. ಮುಂದಿನವರು ನಿಮ್ಮ ಒಂದು ಫ್ರೇಮನ್ನು ಕಡಿಮೆ ಮಾಡುವುದು ಆ ಟಿಪ್ಪಣಿಯನ್ನು ಓದಿಯೇ. ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, 077ಎಫ್ ಮೇಲೆ ಕಣ್ಣಿಡುವ ಕೆಲಸಕ್ಕೆ ಇನ್ನೊಬ್ಬರಿದ್ದರೆ ಅನುಕೂಲ.